ನೆರಳು ನಡೆದ ದಾರಿ

ಯಾತ್ರೆಯೆಂದೊಡನೆ ನಮ್ಮ ಜನಕ್ಕೆ ಕಾಶಿ, ಪಂಢರಪುರ, ಶ್ರೀಶೈಲಗಳ ಸ್ಮರಣೆಯಾಗುವುದು ಸಹಜ. ಕಳೆದ ಮಾಘಮಾಸದಲ್ಲಿ ನಾವು ಕೈಕೊಂಡ ಯಾತ್ರೆಯು ಆ ಬಗೆಯದಲ್ಲ. ಒಂದು ನೆರಳು ನಡೆದುಹೋದ ದಾರಿಯನ್ನು ನೋಡಿಬರಬೇಕೆಂದು ನಾವು ಹೊರಟೆವು. ಆ ನೆರಳು ಚಂದ್ರನದು. ಅದು ನಡೆದುದು 1868ನೆಯ ಇಸವಿಯ ಆಗಸ್ಟ್ 18ನೆಯ ತಾರೀಖು ಬೆಳಿಗ್ಗೆ. ಅದು ತುಳಿದ ನೆಲವೆಂದರೆ ನಮ್ಮ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಹೊಲಗಳೇ. ಅಂದು ಒಂಬತ್ತು ಗಂಟೆಯ ಸುಮಾರಿಗೆ ಈ ನಾಲ್ಕೂ ಸೀಮೆಗಳಲ್ಲಿ ಸೂರ್ಯನು ಸಂಪೂರ್ಣವಾಗಿ ಮರೆಯಾಗಿ, ಕೆಲವು ನಿಮಿಷಗಳ ಕಾಲ ಹಗಲೇ ಇರುಳಾಗಿತ್ತು.

ಬಹುಕಾಲ ಮಾಸ್ತರಿಕೆ ಮಾಡಿ ವಿಶ್ರಾಂತಿ ಪಡೆದವರಿಗೆ ಇಂಥ ಹುಚ್ಚು ಏಕೆಂದು ವಾಚಕರು ಕೇಳಬಹುದು. ನಾವು ಓದಿದುದು ಸಂಸ್ಕೃತ. ಆದರೆ ಸಣ್ಣ ಊರಿನ ಶಾಲೆಯಲ್ಲಿ ಮಾಸ್ತರನಾದವನು ಬೇಕಾದುದನ್ನೆಲ್ಲ ಕಲಿಸಬೇಕಾಗುತ್ತದೆ. ಗ್ರಹಣದ ಪಾಠವನ್ನು ನಾವು ಪ್ರತಿವರ್ಷವೂ ಒಂದು ದೀಪ, ಒಂದು ಚೆಂಡು, ಒಂದು ಲಿಂಬೆಹಣ್ಣು ಇಟ್ಟುಕೊಂಡು ಹೇಳುತ್ತಿದ್ದೆವು. ದೀಪವೇ ಸೂರ್ಯ, ಚೆಂಡೇ ಭೂಮಿ, ಲಿಂಬೆಯೇ ಚಂದ್ರ. ಪಾಠವು ಮಕ್ಕಳ ತಲೆಗೆ ಚೆನ್ನಾಗಿ ಹತ್ತುತ್ತಿತ್ತು. ಅದು ಅವರ ಮನೆಯವರೆಗೂ ಹೋಗಿ ಮುಟ್ಟುತ್ತಿತ್ತೇ ಎಂಬ ಸಂಶಯವು ಮಾತ್ರ 2019ರಲ್ಲಿ ನಮ್ಮನ್ನು ಹಿಡಿಯಿತು, ಇನ್ನೂ ಬಿಟ್ಟಿಲ್ಲ. ಆ ಸಂಗತಿಯನ್ನು ಸಿಂದಗಿಯನ್ನು ಮುಟ್ಟಿದಾಗ ಹೇಳುತ್ತೇವೆ.

ಲಿಂಬೆಯ ಮಾತು ಬಂದುದರಿಂದ ಇಂಡಿಯಿಂದಲೇ ಪ್ರಾರಂಭಿಸುವುದು ಯೋಗ್ಯ. ವಿಜಯಪುರದಿಂದ ಬಸ್ಸಿನಲ್ಲಿ ಹೊರಟರೆ ದಾರಿಯ ಎರಡೂ ಬದಿಗೆ ಬಿಳಿಜೋಳದ ಹೊಲಗಳು, ನಡುನಡುವೆ ಲಿಂಬೆಯ ತೋಟಗಳು. ಈ ಸೀಮೆಯ ಲಿಂಬೆಗೆ ಈಚೆಗೆ ಭೌಗೋಳಿಕ ಸೂಚಿಯ ಮನ್ನಣೆಯೂ ದೊರೆತಿದೆ. ಇಂಡಿಯ ಸಂತೆಯಲ್ಲಿ ನಾಲ್ಕು ಲಿಂಬೆಹಣ್ಣುಗಳನ್ನು ಕೊಂಡು ಚೀಲಕ್ಕೆ ಹಾಕಿಕೊಂಡು, ಅಲ್ಲಿಂದ ಅನತಿದೂರದ ಸಾಲೋಟಗಿಗೆ ಹೋದೆವು.

ಸಾಲೋಟಗಿಯ ಹೆಸರನ್ನು ಕೇಳಿದೊಡನೆ ಸಂಸ್ಕೃತ ಬಲ್ಲವರ ಮೈ ನವಿರೇಳುತ್ತದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲದಲ್ಲಿ, ಶಕ 867ರಲ್ಲಿ, ಅಂದರೆ ಕ್ರಿ.ಶ. 945ರಲ್ಲಿ, ಇಲ್ಲಿ ಒಂದು ದೊಡ್ಡ ವಿದ್ಯಾಶಾಲೆಯಿದ್ದಿತೆಂದು ಈ ಊರಿನ ಸ್ತಂಭಶಾಸನದಿಂದ ತಿಳಿದುಬರುತ್ತದೆ. ಅರಸನ ಮಂತ್ರಿಯಾದ ನಾರಾಯಣನೆಂಬವನು ಕಟ್ಟಿಸಿದ ಆ ಶಾಲೆಗೆ ನಾನಾ ದೇಶಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರ ವಾಸಕ್ಕಾಗಿ 27 ಮನೆಗಳಿದ್ದುವು. ಗುರುವಿನ ಜೀವನಕ್ಕೂ ದೀಪದ ಎಣ್ಣೆಗೂ ಬೇರೆಬೇರೆಯಾಗಿ ಭೂಮಿಯನ್ನು ಬಿಡಲಾಗಿತ್ತು. ಇದಲ್ಲದೆ ಊರವರು ಮದುವೆಯಾದರೆ ಐದು ನಾಣ್ಯ, ಉಪನಯನವಾದರೆ ಎರಡೂವರೆ, ಚೌಲವಾದರೆ ಒಂದೂಕಾಲು ನಾಣ್ಯವನ್ನು ಶಾಲೆಗೆ ಕೊಡತಕ್ಕದ್ದೆಂದು ಕಟ್ಟಳೆಯಾಗಿತ್ತು. ಈ ದಾನಗಳು ನಡೆದುದು ಯಾವ ದಿನ? ಭಾದ್ರಪದ ಅಮಾವಾಸ್ಯೆ, ಸೂರ್ಯಗ್ರಹಣದ ದಿನ.

ಆ ಊರಿನ ಒಂದು ಬೇವಿನ ನೆರಳಿನಲ್ಲಿ ಕುಳಿತು ನಾವು ಇದನ್ನೇ ಯೋಚಿಸಿದೆವು. ಗ್ರಹಣದಲ್ಲಿ ಚಂದ್ರನು ಸೂರ್ಯನನ್ನು ಮರೆಮಾಡುವನೆಂದು ಆರ್ಯಭಟನು ಕ್ರಿ.ಶ. 499ರ ಸುಮಾರಿಗೇ ಬರೆದಿಟ್ಟಿದ್ದನು. ಸಾಲೋಟಗಿಯವರು ಪುಣ್ಯಕಾಲವೆಂದು ಅಂದು ದಾನಮಾಡಿದರು, ನಿಜ. ಆದರೆ ಆ ಪುಣ್ಯವನ್ನು ಹೂಡಿದುದು ವಿದ್ಯೆಯಲ್ಲಿ. ಗ್ರಹಣದ ದಿನವನ್ನು ಇದಕ್ಕಿಂತ ಚೆನ್ನಾಗಿ ಆಚರಿಸಿದವರನ್ನು ನಾವು ಕಾಣೆವು.

ಸಿಂದಗಿಯನ್ನು ಮುಟ್ಟುವಾಗ ಹೊತ್ತು ಇಳಿದಿತ್ತು. ಬಸ್ ನಿಲ್ದಾಣದಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನು ಕಾದಿದ್ದನು. ಅವನ ಹೆಸರನ್ನು ಬರೆಯುವುದಿಲ್ಲ. 2019ರ ಡಿಸೆಂಬರ್ 26ರ ಗ್ರಹಣದ ಹಿಂದಿನ ದಿನ ಅವನು ಪೇಟೆಯಲ್ಲಿ ಸಿಕ್ಕಿ, ಮಾತಿನ ನಡುವೆ, “ನಾಳೆ ಮಗನ್ನ ಹೊಲಕ್ಕ ಒಯ್ಯೋದೈತ್ರಿ” ಎಂದಿದ್ದನು. ನಡೆಯಲಾರದ ಮಕ್ಕಳನ್ನು ಗ್ರಹಣದ ಹೊತ್ತಿನಲ್ಲಿ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಿದರೆ ಅಂಗದೋಷ ನೀಗುತ್ತದೆಂಬ ನಂಬಿಕೆಯು ನಮ್ಮ ಕಡೆಗೆ ಇದೆ. ಕಲಬುರಗಿಯ ಬಳಿಯ ತಾಜಸುಲ್ತಾನಪುರದಲ್ಲಿ ಅಂದು ಹಾಗೆ ಹೂಳಿದ ಮಕ್ಕಳ ಸುದ್ದಿಯು ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತು. ಶಿಷ್ಯನ ಮಗನಿಗೆ ಆಗ ಏಳು ವರ್ಷ. ಹುಟ್ಟಿದಂದಿನಿಂದ ಕಾಲುಗಳು ಬಿಗಿದುಕೊಂಡಿದ್ದುವು. ಅವನ ಮಾತಿನ ಅರ್ಥವು ನಮಗೆ ತಿಳಿಯಿತು. ನೊಂದ ತಂದೆಯ ಮನಸ್ಸನ್ನು ಇನ್ನಷ್ಟು ನೋಯಿಸುವುದೇಕೆಂದು ನಾವು ಸುಮ್ಮನಾದೆವು. ಮರುದಿನ ಆ ಮಗುವು ಎರಡು ತಾಸು ಚಳಿಯ ಮಣ್ಣಿನಲ್ಲಿ ನಿಂತು ಅತ್ತಿತು.

ಆ ಮೌನವೇ ನಮ್ಮನ್ನು ಈ ದಾರಿ ಹಿಡಿಸಿದುದು. ಈ ಸಲ ಅವನ ಮನೆಯ ಪಡಸಾಲೆಯಲ್ಲಿ ರೊಟ್ಟಿ, ಶೇಂಗಾದ ಹಿಂಡಿ ಮುಂದಿಟ್ಟುಕೊಂಡು ಕುಳಿತಾಗ, ಹಳೆಯ ಮಾತನ್ನು ನಾವೇ ತೆಗೆದೆವು. ಅವನು ತಲೆ ತಗ್ಗಿಸಿ ಹೇಳಿದನು: “ಮಾಸ್ತರ್ರ, ಚಂದಪ್ಪ ಸೂರ್ಯಾಗ ಅಡ್ಡ ಬರ್ತಾನಂತ ನೀವು ಲಿಂಬಿಹಣ್ಣು ಹಿಡಿದು ಹೇಳಿದ್ದು ಇನ್ನೂ ನೆನಪೈತ್ರಿ. ಆದರ ನನ್ನ ಮಗನ ಕಾಲಿಗೆ ಏನ್ ಮಾಡಬೇಕಂತ ಯಾರೂ ಹೇಳಿರಲಿಲ್ಲರಿ.”

ಈ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆಮೇಲೆ ಅವನೇ ಮುಂದಿನದನ್ನು ಹೇಳಿದನು. ಒಬ್ಬ ಆಶಾ ಕಾರ್ಯಕರ್ತೆಯ ಮಾತಿನಂತೆ ಹುಡುಗನನ್ನು ವಿಜಯಪುರಕ್ಕೆ ಕರೆದೊಯ್ದರಂತೆ. ಅಲ್ಲಿ ಎಂ.ಆರ್.ಐ. ಯಂತ್ರದಲ್ಲಿ ಮಲಗಿಸಿ ಮಿದುಳಿನ ಚಿತ್ರ ತೆಗೆದು, ಹುಟ್ಟುವಾಗ ಉಸಿರು ಸಾಲದೆ ಮಿದುಳಿಗೆ ಆದ ಗಾಯವೇ ಇದಕ್ಕೆ ಕಾರಣವೆಂದು ವೈದ್ಯರು ತಿಳಿಸಿದರು. ಗಾಯವು ಮಾಯದು, ಆದರೆ ದಿನವೂ ತಪ್ಪದೆ ವ್ಯಾಯಾಮ ಮಾಡಿಸಿದರೆ ಕಾಲು ಎಷ್ಟೋ ಸಡಿಲಾದೀತೆಂದರು. ಈಗ ಹುಡುಗನು ಗೋಡೆ ಹಿಡಿದು, ಊರುಗೋಲಿನ ಆಸರೆಯಿಂದ ಅಂಗಳದವರೆಗೆ ಬರುತ್ತಾನೆ. ನಮ್ಮ ಚೀಲದಲ್ಲಿದ್ದ ಒಂದು ಲಿಂಬೆಹಣ್ಣನ್ನು ಅವನ ಕೈಗೆ ಕೊಟ್ಟು, ಮರುದಿನ ಮುದ್ದೇಬಿಹಾಳದ ಬಸ್ಸು ಹತ್ತಿದೆವು.

ಮುದ್ದೇಬಿಹಾಳದ ಸೀಮೆಯಲ್ಲಿ ನಮ್ಮ ಬಾಲ್ಯವು ಕಳೆಯಿತು. 1980ರ ಫೆಬ್ರುವರಿ 16ರಂದು, ಶಿವರಾತ್ರಿಯ ಮಗ್ಗುಲಿನ ಅಮಾವಾಸ್ಯೆಗೆ, ಕರ್ನಾಟಕದ ಮೇಲೆ ಮತ್ತೊಂದು ಪೂರ್ಣಗ್ರಹಣದ ನೆರಳು ಹಾಯ್ದುಹೋಯಿತು. ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೆಂಗಳೂರಿನ ವಿಜ್ಞಾನಿಗಳು ಡೇರೆ ಹೂಡಿ ಕಾದಿದ್ದರು. ಇತ್ತ ಕೃಷ್ಣೆಯ ಈಚೆಗೆ ನಮ್ಮ ಮನೆಯಲ್ಲಿ ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿ ಕುಳಿತಿದ್ದೆವು. ಓಣಿಯಲ್ಲಿ ನಾಯಿ ಕೂಡ ಸುಳಿಯುತ್ತಿರಲಿಲ್ಲ. ನಮ್ಮ ಅಣ್ಣನ ಹೆಂಡತಿ, ವೈನಿ, ಅಂದು ಐದು ತಿಂಗಳ ಬಸುರಿ. ಮಧ್ಯಾಹ್ನದಿಂದ ಸಂಜೆಯವರೆಗೆ ಅವರು ಬಗ್ಗಬಾರದು, ಏನನ್ನೂ ಕೊಯ್ಯಬಾರದು, ಗುಟುಕು ನೀರನ್ನೂ ಕುಡಿಯಬಾರದೆಂದು ಅಜ್ಜಿಯ ಅಪ್ಪಣೆಯಾಗಿತ್ತು. ನಾಲ್ಕು ಗಂಟೆಯ ಹೊತ್ತಿಗೆ ವೈನಿ ಬವಳಿ ಬಂದು ಬಿದ್ದರು. ಮುಂದೆ ಕೂಸು ಚೆಂದಾಗಿಯೇ ಹುಟ್ಟಿತು; ಅದು ನೇಮದ ಫಲವೆಂದು ಅಜ್ಜಿ ಕಡೆಯವರೆಗೂ ಹೇಳುತ್ತಿದ್ದರು.

ಆ ಮುಚ್ಚಿದ ಕೋಣೆಯಲ್ಲಿ ನಾವು ಒಂದು ವಿಚಿತ್ರವನ್ನು ಕಂಡೆವು. ಪಡುವಣ ಕಿಟಕಿಯ ಹಲಗೆಯಲ್ಲಿ ಒಂದು ಸಣ್ಣ ತೂತಿತ್ತು. ಅದರೊಳಗಿಂದ ದಿನಾಲೂ ನೆಲದ ಮೇಲೆ ಬೀಳುತ್ತಿದ್ದ ಬಿಸಿಲಿನ ದುಂಡು ಬೊಟ್ಟು ಅಂದು ಬಿದಿಗೆಯ ಚಂದ್ರನಂತೆ ಕೊಂಕಾಗಿತ್ತು. ಸೂರ್ಯನೇ ತನ್ನ ಚಿತ್ರವನ್ನು ಸಗಣಿ ಸಾರಿಸಿದ ನೆಲದ ಮೇಲೆ ಬರೆದಿದ್ದನು. ಯಾವ ಬೆಳಕಿಗೆ ಹೆದರಿ ಬಾಗಿಲಿಕ್ಕಿದ್ದೆವೋ ಅದು ಮನೆಯೊಳಗೇ ಬಂದು ವೈನಿಯ ಕಾಲಬಳಿ ಕುಳಿತಿತ್ತು. ಯಾರಿಗೂ ಏನನ್ನೂ ಮಾಡಲಿಲ್ಲ. ವೈನಿಯನ್ನು ಕೆಡವಿದುದು ಬಾಯಾರಿಕೆ.

ಗ್ರಹಣದ ಮೇಲೆ ತಪ್ಪು ಹೊರಿಸುವುದು ಎಷ್ಟು ಸುಲಭವೆಂಬುದಕ್ಕೆ ಇನ್ನೊಂದು ನಿದರ್ಶನವಿದೆ. 1868ರ ನೆರಳು ನಮ್ಮ ಸೀಮೆಯನ್ನು ದಾಟಿ ಸಯಾಮಿಗೆ ಹೋಯಿತು. ಅಲ್ಲಿಯ ಅರಸನಾದ ಮೊಂಗ್ಕುಟನು ಸ್ವತಃ ಗಣಿತವನ್ನು ಬಲ್ಲವನು. ಗ್ರಹಣದ ಕಾಲವನ್ನು ತಾನೇ ಲೆಕ್ಕಹಾಕಿ, ವಾಕೋ ಎಂಬ ಕಡಲತೀರದ ಜೌಗುಸ್ಥಳಕ್ಕೆ ಪರಿವಾರದೊಡನೆ ಹೋಗಿ ನೋಡಿದನು. ಹಿಂದಿರುಗಿದ ಮೇಲೆ ಚಳಿಜ್ವರ ಹಿಡಿದು ಅಕ್ಟೋಬರ್ 1ರಂದು ತೀರಿಕೊಂಡನು. ಆ ಕಾಲದ ಜನಕ್ಕೆ ರಾಹುವಿನ ಹೊರತು ಬೇರೆ ಯಾರ ಮೇಲೆ ಸಂಶಯ ಬಂದೀತು? ಮಲೇರಿಯವನ್ನು ಸೊಳ್ಳೆಯು ಹೊತ್ತು ತರುವುದೆಂಬುದರ ಸುಳಿವನ್ನು ರೊನಾಲ್ಡ್ ರಾಸರು ನಮ್ಮ ನೆರೆಯ ಸಿಕಂದರಾಬಾದಿನಲ್ಲಿ ಕಂಡುಹಿಡಿದುದು 1897ರಲ್ಲಿ.

ಮುದ್ದೇಬಿಹಾಳದಿಂದ ಬಸವನ ಬಾಗೇವಾಡಿಗೆ ಬಂದು, ಬಸವಣ್ಣನವರ ಜನ್ಮಸ್ಥಳದಲ್ಲಿ ತಲೆಬಾಗಿ, ಕಡೆಗೆ ಆ ಸೀಮೆಯ ಮುಳವಾಡಕ್ಕೆ ಹೋದೆವು. ಇಂದು ಈ ಊರಿನ ಹೆಸರು ಕೃಷ್ಣೆಯ ನೀರನ್ನು ಮೇಲೆತ್ತುವ ಏತ ನೀರಾವರಿಯಿಂದ ಪ್ರಸಿದ್ಧವಾಗಿದೆ. ಆದರೆ 1868ರಲ್ಲಿ ಈ ಹೆಸರು ಬರ್ಲಿನ್ನಿನ ಖಗೋಲಜ್ಞರ ಬಾಯಲ್ಲಿತ್ತು. ಸೂರ್ಯನ ಕಲೆಗಳನ್ನು ಕುರಿತು ಹೆಸರಾದ ಸ್ಪೋರರ್ ಎಂಬವರೂ ಅವರ ಸಂಗಡಿಗರೂ ಜರ್ಮನಿಯಿಂದ ಸಮುದ್ರ ದಾಟಿ ಬಂದು ಇಲ್ಲಿ ದೂರದರ್ಶಕಗಳನ್ನು ಹೂಡಿದ್ದರು. ವಿಜಯಪುರದಲ್ಲಿ ಕ್ಯಾಪ್ಟನ್ ಹೇಗ್ ಎಂಬವರು ಕೈಯಲ್ಲಿ ಹಿಡಿಯುವ ವರ್ಣದರ್ಶಕದೊಡನೆ ನಿಂತಿದ್ದರು. ಹೊಳೆಯಾಚೆಯ ಜಮಖಂಡಿಯಲ್ಲಿ, ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲರ ಮೊಮ್ಮಗನಾದ ಲೆಫ್ಟೆನೆಂಟ್ ಜಾನ್ ಹರ್ಷೆಲ್ ಇದ್ದರು. ಮಳೆಗಾಲದ ಮೋಡಗಳು ಅವರೆಲ್ಲರ ಎದೆ ನಡುಗಿಸುತ್ತಿದ್ದುವು.

ಪೂರ್ಣಗ್ರಹಣದ ವೇಳೆಗೆ ಸೂರ್ಯನ ಅಂಚಿನಲ್ಲಿ ಕೆಂಪು ಜ್ವಾಲೆಗಳು ಕಾಣುತ್ತವೆ. ಅವು ಏನೆಂಬುದು ಅಂದಿನವರೆಗೆ ಯಾರಿಗೂ ತಿಳಿದಿರಲಿಲ್ಲ. ಕಾದ ವಾಯುವಿನ ಬೆಳಕನ್ನು ಪಟ್ಟಕದಲ್ಲಿ ಹಾಯಿಸಿದರೆ ಕಾಮನಬಿಲ್ಲಿನ ಪೂರ್ಣ ಬಣ್ಣಗಳಿಗೆ ಬದಲಾಗಿ ಕೆಲವೇ ಹೊಳೆಯುವ ಗೆರೆಗಳು ಬೀಳುತ್ತವೆ; ಒಂದೊಂದು ವಸ್ತುವಿಗೂ ಅದರದೇ ಆದ ಗೆರೆ. ಜಮಖಂಡಿಯಲ್ಲಿ ಮೋಡವು ಸರಿದ ಕ್ಷಣದಲ್ಲಿ ಹರ್ಷೆಲರು ಕೆಂಪು, ಕಿತ್ತಳೆ, ನೀಲಿ ಎಂಬ ಮೂರು ಗೆರೆಗಳನ್ನು ಕಂಡರು. ವಿಜಯಪುರದಲ್ಲಿ ಹೇಗ್ ಅವರಿಗೆ ಒಂದು ಕೆಂಪು, ಒಂದು ಹೊಂಬಣ್ಣದ ಪಟ್ಟೆ ಕಾಣಿಸಿತು. ಗುಂಟೂರಿನಲ್ಲಿ ಫ್ರೆಂಚ್ ವಿದ್ವಾಂಸ ಜಾನ್ಸೆನರೂ ಮಚಲೀಪಟ್ಟಣದಲ್ಲಿ ಪಾಗ್ಸನರೂ ಇಂಥ ಗೆರೆಗಳನ್ನೇ ಕಂಡರು. ಸೂರ್ಯನ ಜ್ವಾಲೆಗಳು ಕಾದ ವಾಯುಗಳೆಂಬುದು ಅಂದು ನಿರ್ಧಾರವಾಯಿತು.

ಆ ಹೊಂಬಣ್ಣದ ಗೆರೆಯನ್ನು ಮೊದಲು ಉಪ್ಪಿನಲ್ಲಿರುವ ಸೋಡಿಯಂ ಎಂದು ಹಲವರು ಬಗೆದರು. ಅದೇ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಲಾಕಿಯರರು ಗ್ರಹಣವಿಲ್ಲದೆಯೇ ಅದನ್ನು ನೋಡಿ ಅಳೆದು, ಇದು ಸೋಡಿಯಂ ಅಲ್ಲವೆಂದು ಕಂಡರು. ಭೂಮಿಯ ಮೇಲೆ ಅದುವರೆಗೆ ಯಾರೂ ಕಾಣದಿದ್ದ ಆ ಧಾತುವಿಗೆ ಗ್ರೀಕರ ಸೂರ್ಯನಾಮವಾದ ಹೀಲಿಯೋಸ್ ಎಂಬುದರಿಂದ ಹೀಲಿಯಂ ಎಂದು ಹೆಸರಾಯಿತು. ಆ ಗ್ರೀಕ್ ಶಬ್ದವೂ ನಮ್ಮ ಸೂರ್ಯಶಬ್ದವೂ ಒಂದೇ ಬೇರಿನವೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. 1895ರಲ್ಲಿ ರ‍್ಯಾಮ್ಸೇ ಅವರು ಲಂಡನ್ನಿನಲ್ಲಿ ಒಂದು ಖನಿಜದೊಳಗಿಂದ ಅದನ್ನು ಹೊರತೆಗೆದರು. 1908ರಲ್ಲಿ ಹಾಲೆಂಡಿನ ಕಾಮರ್ಲಿಂಗ್ ಓನ್ಸರು ಅದನ್ನು ದ್ರವವನ್ನಾಗಿ ಮಾಡಿದರು. ಆ ದ್ರವದ ಶೀತವು ಸೊನ್ನೆಗಿಂತ ಕೆಳಗೆ 269 ಅಂಶ.

ಇಷ್ಟು ಶೀತದಿಂದ ನಮಗೇನು ಪ್ರಯೋಜನವೆಂದು ಗೃಹಸ್ಥರು ಕೇಳಬಹುದು. ಆಸ್ಪತ್ರೆಗಳ ಎಂ.ಆರ್.ಐ. ಯಂತ್ರದೊಳಗೆ ಬಲಿಷ್ಠವಾದ ಅಯಸ್ಕಾಂತವಿದೆ. ಅದರ ತಂತಿಯ ಸುರುಳಿಯನ್ನು ಅಡೆತಡೆಯಿಲ್ಲದೆ ವಿದ್ಯುತ್ತು ಹರಿಯುವಷ್ಟು ತಂಪಾಗಿಡುವುದು ಈ ದ್ರವಹೀಲಿಯವೇ. ಮುಳವಾಡದ ಚಹದಂಗಡಿಯ ಬೆಂಚಿನ ಮೇಲೆ ಕುಳಿತು ಇದನ್ನು ನೆನೆದಾಗ ನಮಗೆ ಸಿಂದಗಿಯ ಹುಡುಗನು ಕಣ್ಣಮುಂದೆ ಬಂದನು. ಒಂದು ಗ್ರಹಣದ ದಿನ ವಿಜಯಪುರದ ಆಕಾಶದಲ್ಲಿ ಕಂಡ ಹೊಂಗೆರೆಯು ಒಂದೂವರೆ ಶತಮಾನದ ಮೇಲೆ ಅದೇ ಊರಿನಲ್ಲಿ ಅವನ ಮಿದುಳಿನ ಗಾಯವನ್ನು ತೋರಿಸಿಕೊಟ್ಟಿತು. ಇನ್ನೊಂದು ಗ್ರಹಣದ ದಿನ ನಾವು ಅವನನ್ನು ಮಣ್ಣಿನಲ್ಲಿ ನಿಲ್ಲಿಸಿದೆವು. ‘ನಾವು’ ಎಂದೇ ಬರೆಯುತ್ತೇವೆ. ಬಾಯಿ ಮುಚ್ಚಿಕೊಂಡವನಿಗೂ ಆ ಮಣ್ಣಿನಲ್ಲಿ ಪಾಲುಂಟು.

ಚಹದಂಗಡಿಯವರಿಗೆ ಜರ್ಮನರ ಕಥೆಯನ್ನು ಹೇಳಿದೆವು. ಯಾರೂ ಕೇಳಿದವರಲ್ಲ, ಆದರೆ ಎಲ್ಲರೂ ಆದರದಿಂದ ಕೇಳಿದರು. ಒಬ್ಬ ಮುದುಕರು, “ನಮ್ಮೂರಾಗ ನಿಂತು ಸೂರ್ಯಾನ್ನ ಓದಿದರನ್ರಿ?” ಎಂದು ಎರಡು ಸಲ ಕೇಳಿದರು. ಈಗ ಆ ಓದಿಗೆ ಗ್ರಹಣಕ್ಕಾಗಿ ಕಾಯಬೇಕಾಗಿಲ್ಲವೆಂದೂ ಹೇಳಿದೆವು. 2023ರ ಸೆಪ್ಟೆಂಬರ್ 2ರಂದು ಹಾರಿದ ನಮ್ಮ ದೇಶದ ಆದಿತ್ಯ ಎಲ್-1 ನೌಕೆಯು 2024ರ ಜನವರಿ 6ರಂದು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರು ದೂರದ ತನ್ನ ನೆಲೆಯನ್ನು ಮುಟ್ಟಿತು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಅದಕ್ಕಾಗಿ ಮಾಡಿಕೊಟ್ಟ ಒಂದು ಯಂತ್ರವು ಸೂರ್ಯಬಿಂಬವನ್ನು ತಾನೇ ಮರೆಮಾಡಿ, ಸುತ್ತಲಿನ ಪ್ರಭಾವಳಿಯನ್ನು ನೋಡುತ್ತದೆ. ನಮ್ಮ ಲಿಂಬೆಹಣ್ಣಿನ ಕೆಲಸವನ್ನೇ ಅದು ಆಕಾಶದಲ್ಲಿ ಮಾಡುತ್ತಿದೆಯೆನ್ನಬಹುದು.

ಇನ್ನು ಮನೆವಾರ್ತೆಯ ಎರಡು ಮಾತು. 2027ರ ಆಗಸ್ಟ್ 2ರಂದು ಮಧ್ಯಾಹ್ನ ಇಳಿದ ಮೇಲೆ ನಮ್ಮ ಸೀಮೆಯಲ್ಲಿ ಪಾರ್ಶ್ವಗ್ರಹಣವಾಗಲಿದೆ. ಗ್ರಹಣದ ಬಿಸಿಲಿನಲ್ಲಿ ಬೇರೆ ದಿನದ ಬಿಸಿಲಿಗಿಲ್ಲದ ವಿಷವೇನೂ ಇಲ್ಲ. ಆದರೆ ಸೂರ್ಯನನ್ನು ಬರಿಗಣ್ಣಿನಿಂದ ದಿಟ್ಟಿಸಿದರೆ ನೋವೇ ತಿಳಿಯದಂತೆ ಕಣ್ಣಿನ ಒಳಪೊರೆಯು ಸುಡುತ್ತದೆ. ಮಸಿಗಾಜು, ಎಕ್ಸ್‌ರೇ ಹಾಳೆಗಳೂ ಕಾಪಾಡುವುದಿಲ್ಲ. ಇದಕ್ಕೆಂದೇ ಮಾಡಿದ ಪ್ರಮಾಣಿತ ಕನ್ನಡಕವಿದ್ದರೆ ಸರಿ. ಇಲ್ಲವಾದರೆ ರಟ್ಟಿಗೆ ಸೂಜಿಯ ತೂತು ಮಾಡಿ, ನೆಲದ ಮೇಲೆ ಬೀಳುವ ಬಿಂಬವನ್ನು ನೋಡಿರಿ. ಬಸುರಿಯರು ಹಸಿದಾಗ ಉಣ್ಣಲಿ, ಬಾಯಾರಿದಾಗ ಕುಡಿಯಲಿ. ಸ್ನಾನ, ಜಪ, ದಾನಗಳನ್ನು ಬೇಕಾದವರು ಮಾಡಲಿ. ದಾನ ಮಾಡುವವರು ಸಾಲೋಟಗಿಯವರನ್ನು ನೆನೆದು ಒಂದು ಶಾಲೆಗೋ, ನಡೆಯಲಾರದ ಒಂದು ಮಗುವಿನ ಚಿಕಿತ್ಸೆಗೋ ಕೊಡಲಿ.

ನಾವು ಆ ದಿನ ಸಿಂದಗಿಯಲ್ಲಿರುವುದಾಗಿ ಮಾತು ಕೊಟ್ಟು ಬಂದಿದ್ದೇವೆ. ಹೋಗುವಾಗ ಇಂಡಿಯ ಲಿಂಬೆಹಣ್ಣನ್ನು ಒಯ್ಯುತ್ತೇವೆ. ದೀಪವನ್ನು ತಂದೆ ಹಿಡಿಯತಕ್ಕದ್ದು, ಲಿಂಬೆಯನ್ನು ಮಗನು ಹಿಡಿಯತಕ್ಕದ್ದು ಎಂದು ಠರಾವಾಗಿದೆ.