ಚನ್ನಪಟ್ಟಣದಲ್ಲಿ ಒಂದು ವರ್ಷದ ಲೆಕ್ಕ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ ಸುಮಾರು 60 ಕಿ.ಮೀ. ಸಾಗಿದರೆ ಚನ್ನಪಟ್ಟಣ. ಊರು ಬಂತೆಂದು ಮೊದಲೆಲ್ಲ ಕಂಡಕ್ಟರ್ ಕೂಗಬೇಕಾಗಿರಲಿಲ್ಲ. ಅಂಗಡಿಗಳ ಮುಂದೆ ಸಾಲಾಗಿ ನಿಂತ ಮರದ ಕುದುರೆಗಳೇ ಹೇಳುತ್ತಿದ್ದವು. ಬಸ್ಸಿನೊಳಗೆ ಮಕ್ಕಳ ಹಟ ಶುರುವಾಗುತ್ತಿತ್ತು. 2023ರ ಮಾರ್ಚ್ ತಿಂಗಳಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ಕಾರುಗಳು ಊರನ್ನು ಹೊರಗಿನಿಂದಲೇ ಬಳಸಿಕೊಂಡು ಓಡುತ್ತವೆ. ಪ್ರಯಾಣಿಕರಿಗೆ ಸಮಯ ಉಳಿಯುತ್ತದೆ, ನಿಜ. ಆದರೆ ಮದ್ದೂರಿನಲ್ಲಿ ವಡೆ ಮಾರುವವರಿಗೂ ಇಲ್ಲಿ ಗೊಂಬೆ ಮಾರುವವರಿಗೂ ಗಿರಾಕಿಗಳು ಕಡಿಮೆಯಾದರು.

ನಾನು ಈಚೆಗೆ ಇಲ್ಲಿಗೆ ಹೋದದ್ದು ಗೊಂಬೆ ಕೊಳ್ಳಲು ಅಲ್ಲ. ನನ್ನ ಬಳಿ ಹತ್ತನೇ ತರಗತಿಯಲ್ಲಿ ವಿಜ್ಞಾನ ಓದಿದ ಹುಡುಗಿಯೊಬ್ಬಳು ಮುಂದೆ ಡಿಸೈನ್ ಓದಿ, ಯಾವ ಕಂಪನಿಯ ನೌಕರಿಗೂ ಸೇರದೆ ಸ್ವಂತವಾಗಿ ಕೆಲಸ ಮಾಡಿಕೊಂಡಿದ್ದಾಳೆ. ಕಳೆದ ಒಂದು ವರ್ಷದಲ್ಲಿ ತಿಂಗಳಿಗೆ ಹದಿನೈದು ದಿನ ಅವಳು ಚನ್ನಪಟ್ಟಣದಲ್ಲೇ ಇದ್ದಳು. ಅವಳ ತಂದೆ ದಾರಿಯಲ್ಲಿ ಸಿಕ್ಕಾಗ, "ಮೇಷ್ಟ್ರೇ, ನಮ್ಮ ಹುಡುಗಿ ವರ್ಷದಿಂದ ಬುಗುರಿ ಮಾಡ್ತಾ ಕೂತಿದ್ದಾಳೆ. ಇದಕ್ಕೆ ಅಷ್ಟೊಂದು ಓದಿಸಬೇಕಿತ್ತೆ?" ಎಂದು ಕೇಳಿದರು. ಎಷ್ಟೋ ತಂದೆತಾಯಿಯರ ಮನಸ್ಸಿನಲ್ಲಿರುವ ಪ್ರಶ್ನೆ ಇದು. ಉತ್ತರ ಹೇಳುವ ಮುಂಚೆ ಕೆಲಸವನ್ನು ಕಣ್ಣಾರೆ ನೋಡುವುದು ಒಳ್ಳೆಯದೆನಿಸಿತು.

ಅವಳು ನನ್ನನ್ನು ಕರೆದೊಯ್ದದ್ದು ಒಂದು ಹೆಂಚಿನ ಮನೆಗೆ. ಮುಂದಿನ ಪಡಸಾಲೆಯಲ್ಲಿ ಎರಡು ಲೇತ್‌ಗಳು. ಒಂದರ ಮುಂದೆ ಅರವತ್ತು ದಾಟಿದ ಸಾಹೇಬರು. ಅವಳು ಅವರನ್ನು "ಚಾಚಾ" ಎನ್ನುತ್ತಾಳೆ. ಹಿಂದೆ ಇಲ್ಲಿ ಕಮಾನಿಗೆ ಹಗ್ಗ ಸುತ್ತಿ ಒಂದು ಕೈಯಿಂದ ಎಳೆಯುತ್ತ ಮರ ತಿರುಗಿಸುತ್ತಿದ್ದರು. ಈಗ ಹೆಚ್ಚಿನ ಕಡೆ ಮೋಟಾರು.

ತಿರುಗುವ ಮರಕ್ಕೆ ಉಳಿ ಹಿಡಿದರೆ ಸಿಪ್ಪೆ ಹಾರಿ ಆಕಾರ ಮೂಡುತ್ತದೆ. ಆಮೇಲಿನದು ನಮ್ಮ ವಿಜ್ಞಾನದ ಪಾಠ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಘರ್ಷಣೆಯಿಂದ ಶಾಖ ಹುಟ್ಟುತ್ತದೆ. ಅರಗು ಸುಮಾರು 70 ಡಿಗ್ರಿ ಸೆಲ್ಸಿಯಸ್‌ನಲ್ಲೇ ಮೆದುವಾಗುವ ವಸ್ತು. ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಒಣಗಿದ ತಾಳೆಗರಿಯನ್ನು ಒತ್ತಿದರೆ ಅದೇ ಶಾಖದಲ್ಲಿ ಸಮನಾಗಿ ಹರಡಿ ಹೊಳಪು ಬರುತ್ತದೆ. ಬ್ರಶ್ಶಿಲ್ಲ, ಒಣಗಲು ಕಾಯಬೇಕಾಗಿಲ್ಲ. ಈ ಅರಗು ಮುತ್ತುಗ, ಬೋರೆ ಮುಂತಾದ ಮರಗಳ ಮೇಲೆ ಬದುಕುವ ಒಂದು ಪುಟ್ಟ ಕೀಟದ ಸ್ರಾವ. ಜಾರ್ಖಂಡ್ ಕಡೆಯಲ್ಲಿ ಹೆಚ್ಚು ಬೆಳೆಯುತ್ತಾರೆ. ಹಳದಿಗೆ ಅರಿಶಿನ, ನೀಲಿಗೆ ನೀಲಿಗಿಡದ ಪುಡಿ, ಕಂದಿಗೆ ಕಾಚು ಬೆರೆಸುವುದೂ ಉಂಟು.

ಮರ ಆಲೆಮರ, ಬಿಳಿ ದಂತದಂಥದ್ದು. ಇದರ ಸಸ್ಯಶಾಸ್ತ್ರೀಯ ಹೆಸರು ರೈಟಿಯಾ ಟಿಂಕ್ಟೋರಿಯಾ. ಟಿಂಕ್ಟೋರಿಯಾ ಎಂದರೆ ಬಣ್ಣಕ್ಕೆ ಒದಗುವುದು ಎಂದರ್ಥ. ಇದರ ಎಲೆಯಿಂದಲೂ ನೀಲಿ ಬಣ್ಣ ತೆಗೆಯಬಹುದು. ಗೊಂಬೆಯ ಊರಿಗೆ ಹೇಳಿ ಮಾಡಿಸಿದ ಮರ!

ಹುಡುಗಿ ತನ್ನ ನೋಟ್‌ಬುಕ್ ತೆರೆದಳು. ವರ್ಷದಲ್ಲಿ ಒಂಬತ್ತು ಆಟಿಕೆಗಳ ಯೋಜನೆ. ಅಂಗಡಿ ಮುಟ್ಟಿದ್ದು ಮೂರು. ಮೊದಲನೆಯದು ಎಳೆಯುವ ಬಂಡಿ. ಕಡೆದಾಗ ಗುಂಡಗಿದ್ದ ಚಕ್ರಗಳು ಮೂರು ತಿಂಗಳಲ್ಲಿ ಮೊಟ್ಟೆಯಾಕಾರಕ್ಕೆ ತಿರುಗಿದವು. ಮಳೆಗಾಲ, ಅವಸರದಲ್ಲಿ ಹಸಿಮರ ತಂದಿದ್ದರು. ಮರ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮ ಕುಗ್ಗುವುದಿಲ್ಲ. ಉಂಗುರದ ಸುತ್ತಿನಲ್ಲಿ ಕುಗ್ಗುವುದು ಹೆಚ್ಚು, ತಿರುಳಿನಿಂದ ತೊಗಟೆಯ ಕಡೆಗೆ ಕಡಿಮೆ, ಉದ್ದಕ್ಕೆ ತೀರ ಅತ್ಯಲ್ಪ. ಆದ್ದರಿಂದಲೇ ಇಲ್ಲಿನವರು ಮರವನ್ನು ಎರಡು ಮೂರು ತಿಂಗಳು ಒಣಗಿಸಿಟ್ಟು ಆಮೇಲೆ ಲೇತ್‌ಗೆ ಏರಿಸುತ್ತಾರೆ. "ಕಂಪ್ಯೂಟರ್‌ನಲ್ಲಿ ಬರೆದ ವೃತ್ತ ಯಾವತ್ತೂ ಒಣಗೋದಿಲ್ಲವಲ್ಲ ಸಾರ್" ಎಂದು ಅವಳು ನಕ್ಕಳು.

ಎರಡನೆಯದು ಕೂಸುಗಳ ಗಿಲಕಿ. ಅದಕ್ಕಾಗಿ ಒಂದು ಪುಟ್ಟ ಕೊಳವೆ ಇಟ್ಟುಕೊಂಡಿದ್ದಾಳೆ. ಬಾಯಿಯ ಅಗಲ 31.7 ಮಿಲಿಮೀಟರ್. ಆಟಿಕೆಯ ಯಾವ ತುಂಡಾದರೂ ಇದರೊಳಗೆ ಪೂರ್ತಿ ಇಳಿದರೆ ಅದು ಮಗುವಿನ ಗಂಟಲಿಗೆ ಸಿಕ್ಕಬಹುದೆಂದು ಲೆಕ್ಕ. 2007ರಲ್ಲಿ ಬಣ್ಣದಲ್ಲಿ ಸೀಸವಿದ್ದ ಕಾರಣ ಲಕ್ಷಗಟ್ಟಲೆ ಆಟಿಕೆಗಳನ್ನು ಲೋಕದ ಮಾರುಕಟ್ಟೆಗಳಿಂದ ಹಿಂದಕ್ಕೆ ಕರೆಸಿಕೊಂಡದ್ದು ದೊಡ್ಡ ಸುದ್ದಿಯಾಗಿತ್ತು. ನಮ್ಮಲ್ಲಿ 2021ರ ಜನವರಿಯಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಭೌಗೋಳಿಕ ಗುರುತು ಪಡೆದ ಚನ್ನಪಟ್ಟಣದಂಥ ಕರಕುಶಲ ವಸ್ತುಗಳಿಗೆ ವಿನಾಯಿತಿ ಉಂಟು. "ವಿನಾಯಿತಿ ನಮಗೆ ಸಾರ್, ಮಗುವಿನ ಗಂಟಲಿಗೆ ಇಲ್ಲ" ಎನ್ನುತ್ತಾಳೆ ಅವಳು. ಗಿಲಕಿಯ ಗಾತ್ರ ನಾಲ್ಕು ಸಲ ಬದಲಾಯಿತಂತೆ.

ಇನ್ನು ಬುಗುರಿ. ಸಾಧಾರಣ ಬುಗುರಿಯಲ್ಲ, ತಲೆಕೆಳಗಾಗುವ ಬುಗುರಿ. ಗುಂಡಿನ ಮೇಲ್ಭಾಗ ಕತ್ತರಿಸಿ ಅಲ್ಲೊಂದು ಹಿಡಿ ಇಟ್ಟಂತೆ ಕಾಣುತ್ತದೆ. ಜೋರಾಗಿ ತಿರುಗಿಸಿ ಬಿಟ್ಟರೆ ಕ್ರಮೇಣ ವಾಲುತ್ತ ವಾಲುತ್ತ, ಹಿಡಿ ನೆಲಕ್ಕೆ ತಾಗಿ, ಕೊನೆಗೆ ಹಿಡಿಯ ಮೇಲೆಯೇ ನಿಂತು ತಿರುಗುತ್ತದೆ. ಅಂದರೆ ಅದರ ಗುರುತ್ವ ಕೇಂದ್ರ ತಾನಾಗಿ ಮೇಲೇರಿತು! ಶಕ್ತಿ ಬಂದದ್ದೆಲ್ಲಿಂದ? ಅದರ ತಿರುಗುವಿಕೆಯಿಂದಲೇ, ಮೇಲೇರಿದಂತೆ ವೇಗ ಇಳಿಯುತ್ತದೆ. ಈ ಕೆಲಸ ಮಾಡಿಸುವುದು ನೆಲದ ಘರ್ಷಣೆ. ಘರ್ಷಣೆಯೇ ಇಲ್ಲದ ನೆಲವಿದ್ದರೆ ಬುಗುರಿ ಬೋರಲಾಗುವುದಿಲ್ಲ. 1951ರಲ್ಲಿ ಸ್ವೀಡನ್ನಿನ ಲುಂಡ್ ಪಟ್ಟಣದಲ್ಲಿ ತೆಗೆದ ಫೋಟೋ ಒಂದಿದೆ: ನೀಲ್ಸ್ ಬೋರ್ ಮತ್ತು ವೋಲ್ಫ್‌ಗ್ಯಾಂಗ್ ಪೌಲಿ, ಇಬ್ಬರು ನೊಬೆಲ್ ವಿಜ್ಞಾನಿಗಳು, ಇಂಥದೇ ಬುಗುರಿಯ ಮುಂದೆ ಬಗ್ಗಿ ಹುಡುಗರಂತೆ ನೋಡುತ್ತಿದ್ದಾರೆ.

ಬುಗುರಿ ಬೋರಲಾಗಬೇಕಾದರೆ ಗುರುತ್ವ ಕೇಂದ್ರ ಗುಂಡಿನ ಮಧ್ಯಬಿಂದುವಿಗಿಂತ ತುಸು ಕೆಳಗಿರಬೇಕು. ಹಿಡಿ ದಪ್ಪವಾದರೆ ಭಾರ ಮೇಲೇರಿ ಆಟ ಕೆಡುತ್ತದೆ. ಹುಡುಗಿ ಅಳತೆ ಹಾಕಿ ನಕ್ಷೆ ತಂದಿದ್ದಳು. ನೋಡಲು ಸೊಗಸಾಗಲೆಂದು ಹಿಡಿಯನ್ನು ದಪ್ಪ ಮಾಡಿದ್ದಳು. ಹನ್ನೆರಡು ಬುಗುರಿ ಕಡೆದರೂ ಒಂದೂ ಏಳಲಿಲ್ಲ. ಹದಿಮೂರನೆಯದಕ್ಕೆ ಚಾಚಾ ಏನೂ ಕೇಳದೆ ಉಳಿ ಹಿಡಿದು ಹಿಡಿಯನ್ನು ಸಣ್ಣ ಮಾಡಿದರು, ಒಳಗೆ ಒಂದಿಷ್ಟು ಹಳ್ಳ ತೆಗೆದರು. ಅದು ಎದ್ದು ನಿಂತಿತು. "ಭಾರ ತಲೇಲಿತ್ತು, ಬೇಟಿ. ಹೊಟ್ಟೇಲಿ ಇರಬೇಕು" ಎಂದರಂತೆ. ಅವಳು ನಕ್ಷೆಯನ್ನು ಅಳಿಸಿ ಹೊಸದಾಗಿ ಬರೆದಳು.

ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸರ್ಕಾರದ ಆಹ್ವಾನದ ಮೇಲೆ ಇಲ್ಲಿ ಸುತ್ತಾಡಿ 1958ರಲ್ಲಿ ಒಂದು ವರದಿ ಕೊಟ್ಟರು. ಅದರಲ್ಲಿ ಅವರು ಬಹುವಾಗಿ ಮೆಚ್ಚಿದ್ದು ನಮ್ಮ ತಂಬಿಗೆಯನ್ನು. ಅದನ್ನು ರೂಪಿಸಿದ್ದು ಯಾರೋ ಒಬ್ಬರಲ್ಲ, ತಲೆಮಾರುಗಳ ಕೈ ಎಂಬುದು ಅವರ ಅಭಿಪ್ರಾಯ. ಆ ವರದಿಯ ಹಿನ್ನೆಲೆಯಲ್ಲೇ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಈ ಬುಗುರಿಯ ಪೆಟ್ಟಿಗೆಯ ಮೇಲೆ ಹುಡುಗಿ ಎರಡು ಹೆಸರು ಅಚ್ಚು ಹಾಕಿಸಿದ್ದಾಳೆ. ಚಾಚಾ ಅವರದು ಮೊದಲು.

ಹೆಸರಿನಿಂದ ಹೊಟ್ಟೆ ತುಂಬುವುದಿಲ್ಲವಷ್ಟೆ. ಇಲ್ಲಿ ಕೂಲಿ ತುಂಡಿನ ಲೆಕ್ಕ; ಕಡೆದಷ್ಟು ದುಡ್ಡು. ಕೈಗೆ ಕೂತ ಮಣಿಯನ್ನೋ ಗುಂಡನ್ನೋ ಕಡೆಯುವವರು ದಿನಕ್ಕೆ ಬುಟ್ಟಿ ತುಂಬಿಸುತ್ತಾರೆ. ಹೊಸ ನಮೂನೆ ತಂದುಕೊಟ್ಟರೆ ಅದು ಕೈಗೆ ಕೂರುವವರೆಗೆ ಬುಟ್ಟಿ ಖಾಲಿ. ಹೊಸದನ್ನು ಪ್ರಯತ್ನಿಸುವ ನಷ್ಟವನ್ನು ಬಡವರೇ ಹೊರಬೇಕಾದಾಗ ಅವರು ಹಳೆಯ ನಮೂನೆಗೇ ಅಂಟಿಕೊಂಡರೆ ಅದನ್ನು ಸೋಮಾರಿತನವೆಂದು ಕರೆಯುವುದು ಅನ್ಯಾಯ. ಅದಕ್ಕೇ ಅವಳು ಪ್ರಯೋಗದ ದಿನಗಳಿಗೆಲ್ಲ ದಿನಗೂಲಿ ಕೊಟ್ಟಿದ್ದಾಳೆ. ನೋಟ್‌ಬುಕ್ಕಿನ ಖರ್ಚಿನ ಪುಟದಲ್ಲಿ ಅತಿ ದೊಡ್ಡ ಮೊತ್ತ ಅದೇ. ಮರ, ಅರಗು, ಬಸ್ ಚಾರ್ಜು ಎಲ್ಲ ಕೂಡಿದರೂ ಅದರ ಅರ್ಧವಾಗುವುದಿಲ್ಲ.

ಆದಾಯದ ಪುಟವನ್ನೂ ತೋರಿಸೆಂದೆ; ಸಂಕೋಚಪಡದೆ ತೋರಿಸಿದಳು. ಆರು ತಿಂಗಳ ಮನೆ ಬಾಡಿಗೆ ಪುಸ್ತಕಗಳ ಮುಖಪುಟ ಬರೆದದ್ದರಿಂದ ಬಂದಿದೆ, ಮೂರು ತಿಂಗಳದ್ದು ಮಿಠಾಯಿ ಪೆಟ್ಟಿಗೆಗಳ ಅಲಂಕಾರದಿಂದ. ಗೊಂಬೆಯಿಂದ ಬಂದದ್ದು ಉಳಿದ ಮೂರು ತಿಂಗಳಿಗೆ ಸಾಕಾಯಿತು. ಒಬ್ಬ ಅಂಗಡಿಯವರು ಅರಿಶಿನದ ಹಳದಿ ಮಂಕಾಯಿತೆಂದು ಮಾಲು ವಾಪಸು ಕಳಿಸಿದರು. ಇನ್ನೊಬ್ಬರು ಅದೇ ಬಣ್ಣ ಮೆಚ್ಚಿ ಎರಡು ಸಲ ತರಿಸಿಕೊಂಡರು. ಸಾಲವಿಲ್ಲ, ಉಳಿತಾಯವೂ ಇಲ್ಲ. ಡಿಸೈನ್ ಓದಬೇಕೆನ್ನುವ ಮಕ್ಕಳಿರುವ ಮನೆಯವರು ಇಂಥ ಎರಡು ಪುಟಗಳನ್ನು ನೋಡುವುದು ಕಾಲೇಜಿನ ಬಣ್ಣದ ಪುಸ್ತಿಕೆ ನೋಡುವುದಕ್ಕಿಂತ ಮೇಲು.

ಚಾಚಾ ಅವರ ಮಗ ಬಿಡದಿಯ ಕಾರ್ಖಾನೆಯೊಂದರಲ್ಲಿದ್ದಾನೆ, ಲೇತ್ ಮುಟ್ಟುವುದಿಲ್ಲ. ಎರಡನೆಯ ಲೇತ್‌ನಲ್ಲಿ ಕೂರುವುದು ಸೊಸೆ. ನಾನಿದ್ದಷ್ಟು ಹೊತ್ತೂ ಆಕೆ ತಲೆಯೆತ್ತದೆ ಬುಗುರಿಗಳಿಗೆ ಅರಗು ಹಿಡಿಯುತ್ತಿದ್ದರು. ಈಗ ಅವು ಆಕೆಯ ಕೈಗೆ ಕೂತಿವೆ. ಪಕ್ಕದ ಬುಟ್ಟಿ ಮುಕ್ಕಾಲು ತುಂಬಿತ್ತು.

ಮಕ್ಕಳೊಂದಿಗೆ ಹೋಗುವವರು ಹೊಸ ಹೆದ್ದಾರಿ ಬಿಟ್ಟು ಹಳೆಯ ರಸ್ತೆ ಹಿಡಿಯಬೇಕು. ರೈಲೂ ಇದೆ, ಬೆಂಗಳೂರು–ಮೈಸೂರು ಮಾರ್ಗದ ಹಲವು ಗಾಡಿಗಳು ಚನ್ನಪಟ್ಟಣದಲ್ಲಿ ನಿಲ್ಲುತ್ತವೆ. ಅಂಗಡಿಯಿಂದಲೇ ಹಿಂತಿರುಗದೆ, ಲೇತ್ ತಿರುಗುವ ಮನೆ ಎಲ್ಲಿದೆಯೆಂದು ವಿಚಾರಿಸಿ. ತಲೆಕೆಳಗಾಗುವ ಬುಗುರಿ ಕೊಳ್ಳುವುದಾದರೆ ಅಲ್ಲೇ ಕಲ್ಲುಹಾಸಿನ ಮೇಲೆ ಒಮ್ಮೆ ತಿರುಗಿಸಿ ನೋಡಿ, ಯಾರೂ ಬೇಡವೆನ್ನುವುದಿಲ್ಲ.