ಐದನೆಯ ಹೆಸರು

ಮಕ್ಕಳು ಹೆಚ್ಚು ಅಂಕ ತೆಗೆದ ಮನೆಯಲ್ಲಿ ಚಿಂತೆ ಕಡಿಮೆಯೆಂದು ನಂಬಿರುವವರು ಕಳೆದ ಸೆಪ್ಟೆಂಬರಿನ ಒಂದು ಭಾನುವಾರ ನಮ್ಮ ಅಕ್ಕನ ಮನೆಗೆ ಬರಬೇಕಾಗಿತ್ತು. ಊಟದ ಮೇಜಿನ ಒಂದು ಕಡೆ ಭಾವನವರು, ಇನ್ನೊಂದು ಕಡೆ ಮಗಳು. ನಡುವೆ ಕಾಗದಗಳ ರಾಶಿ ಮತ್ತು ಆರಿಹೋದ ಎರಡು ಲೋಟ ಕಾಫಿ. ಅಕ್ಕ ಅಡಿಗೆಮನೆಯ ಬಾಗಿಲಲ್ಲಿ ನಿಂತು, “ನೀನಾದರೂ ಹೇಳಪ್ಪ, ಮೇಷ್ಟ್ರಲ್ಲವೆ?” ಎಂದಳು. ಕನ್ನಡದ ಮೇಷ್ಟ್ರು ಬ್ರಿಟನ್ನಿನ ವಿಶ್ವವಿದ್ಯಾನಿಲಯಗಳ ವಿಷಯದಲ್ಲಿ ಏನು ಹೇಳಿಯಾನು? ಆದರೂ ಕುರ್ಚಿ ಎಳೆದುಕೊಂಡು ಕುಳಿತೆ.

ಹುಡುಗಿ ಓದುತ್ತಿರುವುದು ‘ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್’ ಪಠ್ಯಕ್ರಮವನ್ನು. 1968ರಲ್ಲಿ ಜಿನೀವಾದಲ್ಲಿ ಹುಟ್ಟಿದ ಇದಕ್ಕೆ ಐ.ಬಿ. ಎಂದು ರೂಢಿಯ ಹೆಸರು. ಆರು ವಿಷಯಗಳಿಗೆ ತಲಾ 7 ಅಂಕ, ಜ್ಞಾನಮೀಮಾಂಸೆಯ ಪಾಠಕ್ಕೂ ಸ್ವಂತ ಸಂಶೋಧನೆಯ ದೀರ್ಘ ಪ್ರಬಂಧಕ್ಕೂ ಸೇರಿ 3, ಒಟ್ಟು 45. ಪರೀಕ್ಷೆ ಮೇ ತಿಂಗಳಿನಲ್ಲಿ, ಫಲಿತಾಂಶ ಜುಲೈಯಲ್ಲಿ. ಆದರೆ ಅರ್ಜಿ ಹಾಕುವ ಕಾಲ ಅದಕ್ಕೂ ಎಷ್ಟೋ ತಿಂಗಳು ಮುಂಚೆ. ಆದಕಾರಣ ಉಪಾಧ್ಯಾಯರು ‘ಇಷ್ಟು ಬಂದೀತು’ ಎಂದು ಅಂದಾಜು ಅಂಕ ಬರೆದುಕೊಡುತ್ತಾರೆ. ನಮ್ಮ ಹುಡುಗಿಗೆ ಬರೆದುಕೊಟ್ಟದ್ದು 43.

ಬ್ರಿಟನ್ನಿನ ಅರ್ಜಿಗಳೆಲ್ಲ ಸಾಮಾನ್ಯವಾಗಿ ‘ಯೂಕ್ಯಾಸ್’ ಎಂಬ ಒಂದೇ ಸಂಸ್ಥೆಯ ಮೂಲಕ ಹೋಗಬೇಕು. ಹೆಸರಿಸಬಹುದಾದದ್ದು ಐದೇ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಎರಡನ್ನೂ ಒಂದೇ ವರ್ಷ ಬರೆಯುವಂತಿಲ್ಲ; ಯಾವುದೊಂದನ್ನು ಬರೆದರೂ ಅಕ್ಟೋಬರ್ 15 ಕಡೆಯ ದಿನ. ‘ನನಗೆ ಈ ವಿಷಯವೇಕೆ ಬೇಕು’ ಎಂಬ ಬರಹ ಐದಕ್ಕೂ ಒಂದೇ. ಅಂದಮೇಲೆ ಮೊದಲು ನಿಶ್ಚಯವಾಗಬೇಕಾದದ್ದು ಊರಲ್ಲ, ವಿಷಯ. ಜಗಳ ಹುಟ್ಟಿದ್ದೂ ಅಲ್ಲಿಯೇ.

ಭಾವನವರ ಪಟ್ಟಿಯಲ್ಲಿ ಐದು ಅತ್ಯುಚ್ಚ ಶಿಖರಗಳು, ಐದಕ್ಕೂ ಅರ್ಥಶಾಸ್ತ್ರ. ಮಗಳ ಪಟ್ಟಿಯಲ್ಲಿ ಭೂವಿಜ್ಞಾನ. “ನೋಡಯ್ಯ, 43 ಇಟ್ಟುಕೊಂಡು ಕಲ್ಲು ಒಡೆಯುವುದಕ್ಕೆ ಹೋಗುತ್ತಾಳಂತೆ! ಅಷ್ಟು ಅಂಕ ವ್ಯರ್ಥವಾಗಬೇಕೆ?” ಎಂದರು.

ಆ ಮಾತು ನನಗೆ ಹಳೆಯ ಪರಿಚಯ. ಪಿ.ಯು.ಸಿ.ಯಲ್ಲಿ ನನಗೂ ಒಳ್ಳೆಯ ಅಂಕ ಬಂದಿತ್ತು. ಮುಂದೆ ಕನ್ನಡ ಓದುತ್ತೇನೆಂದಾಗ ಬಂಧುಗಳೆಲ್ಲ, “ಅಷ್ಟನ್ನೂ ನೀರಿಗೆ ಹಾಕಿದ” ಎಂದರು. ತಂದೆಯವರು ಮಾತ್ರ ಏನೂ ಅನ್ನಲಿಲ್ಲ. ಆ ಮೌನ ಸಮ್ಮತಿಯಾಗಿತ್ತೋ ವ್ಯಥೆಯಾಗಿತ್ತೋ, ಇಂದಿಗೂ ನಾನರಿಯೆ. ಅಂಕವೆಂಬುದು ಖರ್ಚು ಮಾಡಿ ಮುಗಿಸಬೇಕಾದ ಹಣವಲ್ಲ ಎಂದು ಅಂದು ಹೇಳಲು ನನಗೆ ನಾಲಗೆ ಬರಲಿಲ್ಲ.

ಆದರೆ ಭಾವನವರ ಭಯವೂ ಸುಳ್ಳಲ್ಲ. ಹೊರದೇಶದ ವಿದ್ಯಾರ್ಥಿಗೆ ಅಲ್ಲಿನ ಶುಲ್ಕ ಸ್ಥಳೀಯರಿಗಿಂತ ಬಹಳ ಹೆಚ್ಚು. ಇಪ್ಪತ್ತು ವರ್ಷ ಕಂತು ಕಟ್ಟಿ ಉಳಿಸಿಕೊಂಡ ಸೈಟನ್ನು ಅವರು ಮಾರಲು ಹೊರಟಿದ್ದರು. ಮಾರಿದ್ದಕ್ಕೆ ತಕ್ಕ ಫಲ ಕೇಳುವುದು ತಂದೆಯ ತಪ್ಪಲ್ಲ.

ನಾನು ಹುಡುಗಿಯನ್ನೇ ಕೇಳಿದೆ: “ನಿನ್ನ ಐದು ಹೆಸರು ಓದಮ್ಮ, ಕಾರಣದೊಂದಿಗೆ.”

ಅವಳು ಓದಿದಳು. ಕೇಂಬ್ರಿಜ್: ಅಲ್ಲಿ ಮೊದಲ ವರ್ಷ ಹಲವು ವಿಜ್ಞಾನಗಳನ್ನು ಒಟ್ಟಿಗೆ ಕಲಿತು ಆಮೇಲೆ ಒಂದರಲ್ಲಿ ನಿಲ್ಲಬಹುದು. ಲಂಡನ್ನಿನ ಇಂಪೀರಿಯಲ್ ಕಾಲೇಜು. ಡರಂ: ಯುರೇನಿಯಂ ಸೀಸವಾಗುವ ಲೆಕ್ಕದಿಂದ ಶಿಲೆಗಳ ವಯಸ್ಸನ್ನು ಅಳೆದ ಆರ್ಥರ್ ಹೋಮ್ಸ್ 1924ರಲ್ಲಿ ಅಲ್ಲಿ ಭೂವಿಜ್ಞಾನದ ಪಾಠ ಆರಂಭಿಸಿದರು. ಎಡಿನ್‌ಬರೊ: ಭೂಮಿ ಎಣಿಕೆಗೆ ಸಿಕ್ಕದಷ್ಟು ಹಳೆಯದೆಂದು ಕಂಡ ಜೇಮ್ಸ್ ಹಟನ್ನರ ಊರು, ಅವರು ಪರೀಕ್ಷಿಸಿದ ಬಂಡೆ ಊರೊಳಗೇ ಇದೆ. “ಆದರೆ ಅಲ್ಲಿ ನಾಲ್ಕು ವರ್ಷದ ಓದು. ಒಂದು ವರ್ಷದ ಶುಲ್ಕ ಹೆಚ್ಚು. ಅದನ್ನೂ ಬರೆದುಕೊಂಡಿದ್ದೇನೆ, ಅಪ್ಪ,” ಎಂದಳು. ಭಾವನವರು ಕನ್ನಡಕ ತೆಗೆದು ಒರೆಸಿಕೊಂಡರು.

ಐದನೆಯದು ಲೀಡ್ಸ್. “ಕಡಿಮೆ ಅಂಕ ಕೇಳುವ ಜಾಗ! 43 ಬರುವವಳಿಗೆ ಅದೇಕೆ?” ಎಂದು ಭಾವನವರು ಮತ್ತೆ ಎದ್ದರು.

ಕಾರಣವಿತ್ತು. ಬರುವ ಕರೆ ಸಾಮಾನ್ಯವಾಗಿ ಷರತ್ತಿನದು. ಒಟ್ಟು ಅಂಕ ಸಾಲದು. ಹೆಚ್ಚಿನ ಮಟ್ಟದಲ್ಲಿ ಓದಿದ ಮೂರು ವಿಷಯಗಳಲ್ಲಿ 7, 7, 6 ಎಂಬಂತೆ ಬೇರೆ ನಿರ್ಬಂಧವೂ ಇರಬಹುದು. ಬಂದ ಕರೆಗಳಲ್ಲಿ ಒಂದನ್ನು ಮುಖ್ಯವೆಂದೂ ಇನ್ನೊಂದನ್ನು ಆಪತ್ತಿಗೆಂದೂ ಇಟ್ಟುಕೊಂಡು ಉಳಿದವನ್ನು ಬಿಡಬೇಕು. ಐದೂ ಶಿಖರಗಳಾದರೆ, ಪರೀಕ್ಷೆಯ ದಿನ ಜ್ವರ ಬಂದವನಿಗೆ ನಿಲ್ಲಲು ನೆಲವಿರದು.

“ಮಾಮ,” ಎಂದಳು ಹುಡುಗಿ, “ಒಂದೊಂದು ಹೆಸರಿಗೂ ನನ್ನನ್ನೇ ಕೇಳಿಕೊಂಡೆ: ಇದೊಂದೇ ಕರೆದರೆ ಸಂತೋಷದಿಂದ ಹೋಗುತ್ತೇನೆಯೆ? ಲೀಡ್ಸಿನ ಹತ್ತಿರ ಯಾರ್ಕ್‌ಷೈರಿನ ಸುಣ್ಣಕಲ್ಲಿನ ಬೆಟ್ಟಗಳಿವೆ. ಖಂಡಿತ ಹೋಗುತ್ತೇನೆ.”

ಅವಳ ಮಾತಿಗೆ ನಾನು ಸೇರಿಸಬೇಕಾದದ್ದು ಏನೂ ಇರಲಿಲ್ಲ. ಮೊದಲನೆಯ ಹೆಸರನ್ನು ಯಾರು ಬೇಕಾದರೂ ಬರೆದಾರು. ಐದನೆಯದನ್ನು ಬರೆಯುವುದಕ್ಕೆ ತನ್ನನ್ನು ತಾನು ಬಲ್ಲವರೇ ಬೇಕು.

“ಈ ಕಲ್ಲಿನ ಹುಚ್ಚು ಎಲ್ಲಿಂದ ಹತ್ತಿತೇ ನಿನಗೆ?” ಎಂದು ಭಾವನವರು ಕೇಳಿದರು; ದನಿಯಲ್ಲಿ ಮೊದಲಿನ ಕಾವಿರಲಿಲ್ಲ.

“ನೀವೇ ಹತ್ತಿಸಿದಿರಿ ಅಪ್ಪ. ಚಿಕ್ಕಂದಿನಲ್ಲಿ ಭಾನುವಾರ ಲಾಲ್‌ಬಾಗಿನ ಬಂಡೆ ಹತ್ತಿಸುತ್ತಿರಲಿಲ್ಲವೆ?”

ಅಂದು ಭಾವನವರು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಮರುದಿನ ಬೆಳಗಿನ ಆರೂವರೆಗೆ ನನಗೆ ಅವರ ಫೋನು ಬಂತು. ಹಿನ್ನೆಲೆಯಲ್ಲಿ ಹಕ್ಕಿಗಳ ಕಲರವ.

“ಮೇಷ್ಟ್ರೇ, ಲಾಲ್‌ಬಾಗಿನಲ್ಲಿದ್ದೇನೆ. ಈ ಬಂಡೆಗೆ ಸುಮಾರು 300 ಕೋಟಿ ವರ್ಷ ಎನ್ನುತ್ತಾಳಲ್ಲ ಹುಡುಗಿ, ನಿಜವೇನಯ್ಯ?”

“ನಿಜ, ಭಾವ,” ಎಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಆ ಐದನೆಯ ಊರಿನ ಹೆಸರು ಇನ್ನೊಂದು ಸಲ ಹೇಳು,” ಎಂದರು.