ಆನೆಯ ಗುರುತಿನ ಗಿನಿ

ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸಿರುವ ಶ್ರಾವಕರೊಬ್ಬರು ಪ್ರತಿವರ್ಷ ದಶಲಕ್ಷಣ ಪರ್ವದಲ್ಲಿ ತಮ್ಮ ಆಸ್ತಿಯ ಪಟ್ಟಿಯನ್ನು ತೆಗೆದು ತಾಳೆ ನೋಡುವ ರೂಢಿಯನ್ನಿಟ್ಟುಕೊಂಡಿದ್ದಾರೆ. ಎಲ್ಲದರಲ್ಲಿಯೂ ಮಿತಿಯನ್ನು ಪಾಲಿಸಿದ ಅವರಿಗೆ ಒಂದೇ ವ್ಯಾಮೋಹ: ಇಂಗ್ಲೆಂಡಿನ ಹಳೆಯ ಬಂಗಾರದ ನಾಣ್ಯಗಳು.

ವ್ಯಾಪಾರಸ್ಥರಿಗೆ ಈ ನಾಣ್ಯಗಳ ಚರಿತ್ರೆ ರುಚಿಸುವುದು ಸಹಜ. ಸುತ್ತಿಗೆಯಿಂದ ಬಡಿದು ಮಾಡುತ್ತಿದ್ದ ಕಾಲದಲ್ಲಿ ನಾಣ್ಯದ ಅಂಚು ಸಮನಾಗಿರುತ್ತಿರಲಿಲ್ಲ. ಅಂಚನ್ನು ಕತ್ತರಿಸಿ ಚೂರುಗಳನ್ನು ಉಳಿಸಿಕೊಂಡು, ನಾಣ್ಯವನ್ನು ಪೂರ್ಣ ಬೆಲೆಗೇ ಸಾಗಹಾಕುವವರಿದ್ದರು. ಅದು ರಾಜದ್ರೋಹವೆನಿಸಿ ಮರಣದಂಡನೆಯಿದ್ದರೂ ನಿಲ್ಲಲಿಲ್ಲ. 1663ರಲ್ಲಿ ಎರಡನೆಯ ಚಾರ್ಲ್ಸನ ಟಂಕಸಾಲೆಯು ಗಿನಿಯನ್ನು ಯಂತ್ರದಿಂದ ಅಚ್ಚುಹಾಕಿ, ಅಂಚಿಗೆ ಗೀರುಗಳನ್ನು ಕೊಟ್ಟಿತು. 22 ಕ್ಯಾರೆಟ್ ಬಂಗಾರ, ಸುಮಾರು 8.4 ಗ್ರಾಂ ತೂಕ, ಬೆಲೆ 20 ಷಿಲಿಂಗ್. ಏರಿಳಿದ ಆ ಬೆಲೆ 1717ರಲ್ಲಿ 21 ಷಿಲಿಂಗಿಗೆ ನಿಂತಿತು. ಆಗ ಟಂಕಸಾಲೆಯ ಮುಖ್ಯಸ್ಥ ಐಸಾಕ್ ನ್ಯೂಟನ್. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನವನ್ನೂ ಪ್ರತಿರೂಪಕ ವ್ಯವಹಾರವನ್ನೂ ಸೇರಿಸಿದ ಉಮಾಸ್ವಾಮಿ ಆಚಾರ್ಯರು ಪೇಟೆಯನ್ನು ಚೆನ್ನಾಗಿ ಬಲ್ಲವರೆಂದೇ ತೋರುತ್ತದೆ.

ಕೆಲವು ಗಿನಿಗಳಲ್ಲಿ ದೊರೆಯ ತಲೆಯ ಕೆಳಗೆ ಒಂದು ಪುಟ್ಟ ಆನೆಯಿದೆ. ಶ್ರಾವಕರ ಮೊಮ್ಮಗಳು ಅದನ್ನು ಕಂಡು, "ಅಜ್ಜಾ, ಇದು ಅಜಿತನಾಥ ಸ್ವಾಮಿಯ ಲಾಂಛನವೇ?" ಎಂದು ಕೇಳಿದಳು.

ಅಲ್ಲ. ಅದು ಬಂಗಾರವನ್ನು ತಂದ ಕಂಪನಿಯ ಗುರುತು. ಪಶ್ಚಿಮ ಆಫ್ರಿಕದ ಗಿನಿ ಕರಾವಳಿಯಿಂದಲೇ ನಾಣ್ಯಕ್ಕೆ ಆ ಹೆಸರು ಬಂದಿತು. 1672ರಲ್ಲಿ ರಾಯಲ್ ಆಫ್ರಿಕನ್ ಕಂಪನಿಯೆಂದು ಹೊಸ ಸನದು ಪಡೆದ ಆ ಸಂಸ್ಥೆ ಬಂಗಾರವನ್ನಷ್ಟೇ ಸಾಗಿಸಲಿಲ್ಲ. ಒಂದು ಲಕ್ಷಕ್ಕೂ ಮಿಕ್ಕ ಮನುಷ್ಯರನ್ನು, ಸ್ತ್ರೀಯರು ಮಕ್ಕಳೆನ್ನದೆ, ಗುಲಾಮರನ್ನಾಗಿ ಸಮುದ್ರದಾಚೆಗೆ ಒಯ್ದಿತು. ಇಂದು ಸಂಗ್ರಾಹಕರಲ್ಲಿ ಆನೆಯಿರುವ ಗಿನಿಗೆ ಸಾಮಾನ್ಯವಾಗಿ ಹೆಚ್ಚು ಬೆಲೆ. ಶ್ರಾವಕರೂ ಹೆಚ್ಚು ತೆತ್ತೇ ಕೊಂಡಿದ್ದರು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಪರಿಗ್ರಹಕ್ಕೆ ಮಿತಿ ಹಾಕಬೇಕಾದ ವಸ್ತುಗಳನ್ನು ಹೇಳುವಾಗ ಹಿರಣ್ಯ ಸುವರ್ಣಗಳ ಜೊತೆಯಲ್ಲಿಯೇ ದಾಸೀದಾಸರನ್ನೂ ಹೆಸರಿಸುತ್ತದೆ. ಶ್ರಾವಕರ ಪಟ್ಟಿಯಲ್ಲಿ ಆ ಅಂಕಣವೂ ಇತ್ತು. ಈ ಕಾಲಕ್ಕೆ ಅನ್ವಯಿಸದೆಂದು ಪ್ರತಿವರ್ಷವೂ ಅದರಲ್ಲಿ ಒಂದು ಅಡ್ಡಗೆರೆ ಎಳೆಯುತ್ತಿದ್ದರು.

ನಾಣ್ಯವನ್ನು ಮಾರಿದರೆ ಆನೆಯ ಬೆಲೆಯೂ ಸೇರಿಯೇ ಕೈಗೆ ಬರುತ್ತದೆ. ಬಸದಿಯ ಹುಂಡಿಗೆ ಹಾಕಿದರೆ ಅದೇ ಲೆಕ್ಕ ಟ್ರಸ್ಟಿನವರ ಪಾಲಿಗಾಗುತ್ತದೆ. ಕರಗಿಸಿದರೆ ಸಾಕ್ಷಿಯೇ ಅಳಿದುಹೋಗುತ್ತದೆ. ಹಲವು ದಿನ ಯೋಚಿಸಿದ ಮೇಲೆ ಅವರು ಸುವರ್ಣದ ಅಂಕಣದಿಂದ ಆ ಒಂದು ಗಿನಿಯನ್ನು ಹೊಡೆದುಹಾಕಿ, ದಾಸೀದಾಸರ ಅಂಕಣದಲ್ಲಿ ಅದರ ತೂಕವನ್ನು ಬರೆದರು. ನಾಣ್ಯ ಇನ್ನೂ ತಿಜೋರಿಯಲ್ಲಿಯೇ ಇದೆ.